ಒಂದೇ ಒಂದರ ಅಂತರ: ವರ್ಗಸಂಖ್ಯೆಗಳ ಕಥೆ

ಮೂವತ್ತು-ನಲವತ್ತರ ನಿವೇಶನ ಎಂದರೆ ನಮ್ಮ ಊರುಗಳಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಮೂವತ್ತು ಅಡಿ ಅಗಲ, ನಲವತ್ತು ಅಡಿ ಉದ್ದ. ಪಾಯ ತೋಡುವ ಮುನ್ನ ಮೇಸ್ತ್ರಿ ನಾಲ್ಕು ಮೂಲೆಗೂ ಗೂಟ ಹೊಡೆದು ದಾರ ಕಟ್ಟುತ್ತಾನೆ. ಅನಂತರ ಟೇಪು ಹಿಡಿದು ಒಂದು ಮೂಲೆಯಿಂದ ಎದುರು ಮೂಲೆಗೆ ಅಳೆಯುತ್ತಾನೆ. ಸರಿಯಾಗಿ 50 ಅಡಿ ಬಂದರೆ ಮೂಲೆಗಳು ನೆಟ್ಟಗಿವೆ ಎಂದು ಅರ್ಥ. ಹೆಚ್ಚು ಕಡಿಮೆಯಾದರೆ ಗೂಟವನ್ನು ಸರಿಸಬೇಕು. 30ನ್ನು 30ರಿಂದ ಗುಣಿಸಿದರೆ 900, 40ನ್ನು 40ರಿಂದ ಗುಣಿಸಿದರೆ 1600. ಎರಡನ್ನೂ ಕೂಡಿದರೆ 2500. ಅದು 50ನ್ನು 50ರಿಂದ ಗುಣಿಸಿದಾಗ ಬರುವ ಸಂಖ್ಯೆ. ಲೆಕ್ಕ ಕಿಂಚಿತ್ತೂ ಉಳಿಯದೆ ಮುಗಿಯುತ್ತದೆ.

ಅದೇ ಮೇಸ್ತ್ರಿ ಮನೆಯೊಳಗೆ 12 ಅಡಿಯ ಚೌಕಾಕಾರದ ಕೋಣೆಯೊಂದನ್ನು ಗುರುತು ಮಾಡುತ್ತಾನೆ ಎಂದಿಟ್ಟುಕೊಳ್ಳಬಹುದು. ಮೂಲೆಯಿಂದ ಮೂಲೆಗೆ ಟೇಪು ಹಿಡಿದರೆ ಅಲ್ಲಿ ಬರುವುದು 17 ಅಡಿ. ಅಥವಾ ಹಾಗೆ ಕಾಣುತ್ತದೆ. ಸೂಕ್ಷ್ಮವಾಗಿ ನೋಡಿದರೆ ಇಂಚಿನ ಮೂರನೆಯ ಒಂದು ಭಾಗದಷ್ಟು ಕಡಿಮೆಯಿರುತ್ತದೆ. ಅಷ್ಟು ಸಣ್ಣ ಕೊರತೆ ಸುಣ್ಣ ಬಳಿಯುವಾಗ ಮುಚ್ಚಿಹೋಗುತ್ತದೆ. ಆದರೆ ಲೆಕ್ಕದಲ್ಲಿ ಮುಚ್ಚಿಹೋಗುವುದಿಲ್ಲ. 12ರ ವರ್ಗ 144. ಎರಡು 144 ಸೇರಿದರೆ 288. ಆದರೆ 17ರ ವರ್ಗ 289. ಅಂತರ ಒಂದೇ ಒಂದು.

ಈ ಒಂದರ ಅಂತರ ನೋಡಲು ತೀರ ಕ್ಷುಲ್ಲಕ. ಆದರೆ ಯಜ್ಞವೇದಿಯ ಇಟ್ಟಿಗೆ ಜೋಡಿಸಿದವರಿಂದ ಹಿಡಿದು ಶ್ರೀನಿವಾಸ ರಾಮಾನುಜನ್ ಅವರವರೆಗೆ ಭಾರತದ ಗಣಿತ ಇದೇ ಅಂತರದ ಸುತ್ತ ಮತ್ತೆ ಮತ್ತೆ ಸುತ್ತಿದೆ. ವರ್ಗಸಂಖ್ಯೆಗಳ ಇತಿಹಾಸವೆಂದರೆ ಬಹುಮಟ್ಟಿಗೆ ವರ್ಗವಾಗಲು ಒಪ್ಪದ ಸಂಖ್ಯೆಗಳೊಡನೆ ಮನುಷ್ಯ ನಡೆಸಿದ ಹೋರಾಟದ ಇತಿಹಾಸ.

ಆಕಾರವೂ ಹೌದು, ಸಂಖ್ಯೆಯೂ ಹೌದು

ಒಂದು ಸಂಖ್ಯೆಯನ್ನು ಅದೇ ಸಂಖ್ಯೆಯಿಂದ ಗುಣಿಸಿದಾಗ ಬರುವುದು ಪೂರ್ಣವರ್ಗ ಎಂದು ಶಾಲೆಯ ಪುಸ್ತಕ ಹೇಳುತ್ತದೆ. ಒಂದೊಂದ್ಲ ಒಂದು, ಎರಡೆರಡ್ಲ ನಾಲ್ಕು, ಮೂರ್ಮೂರ್ಲ ಒಂಬತ್ತು ಎಂದು ಮಕ್ಕಳು ಹೇಳುವ ಮಗ್ಗಿಯಲ್ಲಿ ಇವು ಇದ್ದೇ ಇವೆ. ಆದರೆ ಇವಕ್ಕೆ ‘ವರ್ಗ’ ಎಂಬ ಹೆಸರೇಕೆ? ಕನ್ನಡದಲ್ಲಿ ಜಾಗದ ಅಳತೆಯನ್ನು ‘ಚದರ ಅಡಿ’ ಎನ್ನುವುದೂ, ಸಂಖ್ಯೆಯನ್ನು ‘ವರ್ಗ’ ಎನ್ನುವುದೂ ಬೇರೆ ಬೇರೆ ಪಾಠಗಳಾಗಿ ಬರುವುದರಿಂದ ಎರಡರ ನಂಟು ಅನೇಕರ ಗಮನಕ್ಕೆ ಬರುವುದೇ ಇಲ್ಲ.

ಹುಣಸೆ ಬೀಜಗಳನ್ನು ನೆಲದ ಮೇಲೆ ಜೋಡಿಸಿದರೆ ಆ ನಂಟು ಕಣ್ಣಿಗೆ ಕಾಣುತ್ತದೆ. ನಾಲ್ಕು ಬೀಜಗಳಿದ್ದರೆ ಎರಡರ ಎರಡು ಸಾಲು ಮಾಡಿ ಚೌಕ ಕಟ್ಟಬಹುದು. ಒಂಬತ್ತಿದ್ದರೆ ಮೂರರ ಮೂರು ಸಾಲು. ಐದೋ ಏಳೋ ಇದ್ದರೆ ಎಷ್ಟು ಹೆಣಗಿದರೂ ಚೌಕವಾಗದು. ಮನೆಗಳಲ್ಲಿ ಆಡುವ ಚೌಕಾಬಾರದ ಹಾಸಿನಲ್ಲಿ ಐದರ ಐದು ಸಾಲು, 25 ಮನೆ. ಅದನ್ನು ಆರರ ಆರು ಸಾಲಿಗೆ ಹಿಗ್ಗಿಸಬೇಕಾದರೆ ಒಂದು ಬದಿಗೆ ಐದು, ಇನ್ನೊಂದು ಬದಿಗೆ ಐದು, ಮೂಲೆಗೆ ಒಂದು, ಒಟ್ಟು ಹನ್ನೊಂದು ಮನೆ ಸೇರಿಸಬೇಕು. ಆರರಿಂದ ಏಳಕ್ಕೆ ಹೋಗಲು ಹದಿಮೂರು. ಹೀಗೆ ಪ್ರತಿ ಚೌಕಕ್ಕೂ ಅದರ ಮುಂದಿನ ಚೌಕಕ್ಕೂ ನಡುವೆ ಇರುವುದು ಒಂದು ಬೆಸಸಂಖ್ಯೆ. ಆದ್ದರಿಂದಲೇ 1, 3, 5, 7 ಎಂದು ಬೆಸಸಂಖ್ಯೆಗಳನ್ನು ಮೊದಲಿನಿಂದ ಕೂಡುತ್ತ ಹೋದರೆ ಎಲ್ಲಿ ನಿಲ್ಲಿಸಿದರೂ ವರ್ಗಸಂಖ್ಯೆಯೇ ಸಿಗುತ್ತದೆ. ಗ್ರೀಸಿನಲ್ಲಿ ಪೈಥಾಗೊರಸನ ಪಂಥದವರು ಹರಳುಗಳನ್ನು ಜೋಡಿಸಿ ಈ ಗುಣವನ್ನು ಗುರುತಿಸಿದ್ದರು.

ಮೆಟ್ಟಿಲು ಮೆಟ್ಟಿಲಿಗೂ ಈ ಅಂತರ ದೊಡ್ಡದಾಗುವುದರಿಂದ ವರ್ಗಸಂಖ್ಯೆಗಳು ಮುಂದೆ ಹೋದಂತೆ ವಿರಳವಾಗುತ್ತವೆ. ನೂರರೊಳಗೆ ಹತ್ತು ವರ್ಗಗಳು. ಹತ್ತು ಸಾವಿರದೊಳಗೆ ನೂರು. ಹತ್ತು ಲಕ್ಷದೊಳಗೆ ಕೇವಲ ಒಂದು ಸಾವಿರ. ಉಳಿದ 9 ಲಕ್ಷ 99 ಸಾವಿರ ಸಂಖ್ಯೆಗಳು ಪೂರ್ಣವರ್ಗಗಳಲ್ಲ. ಜಗತ್ತಿನ ಅಳತೆಗಳಲ್ಲಿ ಎದುರಾಗುವುದು ಹೆಚ್ಚಾಗಿ ಇವೇ.

ಬಾಬಿಲೋನಿಯಾದ ಮಣ್ಣಿನ ಹಲಗೆ

ಇಂದಿನ ಇರಾಕಿನ ನೆಲದಲ್ಲಿ ಬಾಳಿದ ಬಾಬಿಲೋನಿಯಾದ ಲಿಪಿಕಾರರು ಹಸಿ ಮಣ್ಣಿನ ಹಲಗೆಗಳ ಮೇಲೆ ವರ್ಗಗಳ ಕೋಷ್ಟಕಗಳನ್ನು ಬರೆದಿಟ್ಟಿದ್ದರು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿರುವ ಒಂದು ಪುಟ್ಟ ಹಲಗೆ ಕ್ರಿ.ಪೂ. 1800ರಿಂದ 1600ರ ನಡುವಿನ ಕಾಲದ್ದು. ಅದರ ಮೇಲೆ ಒಂದು ಚೌಕ, ಅದರ ಎರಡು ಕರ್ಣಗಳು, ಬಾಹುವಿನ ಅಳತೆ 30. ಕರ್ಣದ ಪಕ್ಕದಲ್ಲಿ ಅರವತ್ತರ ಮಾನದಲ್ಲಿ ಬರೆದ ಅಂಕಿಗಳನ್ನು ಇಂದಿನ ದಶಮಾನಕ್ಕೆ ತಂದರೆ, ಬಾಹು ಒಂದಾದರೆ ಕರ್ಣ ಸುಮಾರು 1.414213 ಎಂದಾಗುತ್ತದೆ. ಐದು ದಶಮಾಂಶ ಸ್ಥಾನಗಳವರೆಗೆ ಅದು ಸರಿಯಾಗಿದೆ.

ಎರಡು ಪೂರ್ಣವರ್ಗವಲ್ಲ. ಆದರೂ ಬಾಹು ಒಂದಾಗಿರುವ ಚೌಕಕ್ಕೆ ಕರ್ಣ ಎಳೆದ ಕೂಡಲೇ, ಯಾವುದನ್ನು ಅದರಿಂದಲೇ ಗುಣಿಸಿದರೆ ಎರಡು ಬರುತ್ತದೆ ಎಂಬ ಪ್ರಶ್ನೆ ಎದ್ದು ನಿಲ್ಲುತ್ತದೆ. ಮೂರು ಸಾವಿರದ ಐನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಈ ಪ್ರಶ್ನೆಯನ್ನು ಕೇಳಿ ಉತ್ತರವನ್ನೂ ಲೆಕ್ಕ ಹಾಕಲಾಗಿತ್ತು ಎಂಬುದಕ್ಕೆ ಆ ಹಲಗೆ ಸಾಕ್ಷಿ.

ಹಗ್ಗ ಹಿಡಿದವರ ಗಣಿತ

ಭಾರತದಲ್ಲಿ ಇದೇ ಪ್ರಶ್ನೆ ಎದ್ದದ್ದು ಯಜ್ಞಭೂಮಿಯಲ್ಲಿ. ‘ಶುಲ್ಬ’ ಎಂದರೆ ಹಗ್ಗ. ಹಗ್ಗ ಮತ್ತು ಗೂಟಗಳಿಂದ ವೇದಿಕೆಗಳನ್ನು ಅಳೆದು ಕಟ್ಟುವ ಕ್ರಮವನ್ನು ಹೇಳುವ ಗ್ರಂಥಗಳೇ ಶುಲ್ಬಸೂತ್ರಗಳು. ಬೌಧಾಯನ, ಆಪಸ್ತಂಬ, ಕಾತ್ಯಾಯನರ ಹೆಸರಿನವು ಇವುಗಳಲ್ಲಿ ಮುಖ್ಯವಾದವು. ಬೌಧಾಯನದ್ದು ಅತ್ಯಂತ ಹಳೆಯದು, ಅದು ಕ್ರಿ.ಪೂ. 800ರಿಂದ 500ರ ನಡುವಿನದು ಎಂದು ವಿದ್ವಾಂಸರು ಸಾಮಾನ್ಯವಾಗಿ ಹೇಳುತ್ತಾರೆ.

ಅಗ್ನಿಚಯನದಲ್ಲಿ ಹದ್ದಿನ ಆಕಾರದ ಶ್ಯೇನಚಿತಿಯನ್ನು ಇಟ್ಟಿಗೆಗಳಿಂದ ಕಟ್ಟುತ್ತಿದ್ದರು. ಅದರ ವಿಸ್ತೀರ್ಣ ಏಳೂವರೆ ಚದರ ಪುರುಷ. ಕೈಯೆತ್ತಿ ನಿಂತ ಯಜಮಾನನ ಎತ್ತರವೇ ಒಂದು ಪುರುಷ. ಮುಂದಿನ ಸಲ ಕಟ್ಟುವಾಗ ವಿಸ್ತೀರ್ಣ ಒಂದು ಚದರ ಪುರುಷ ಹೆಚ್ಚಬೇಕು, ಆದರೆ ಆಕಾರ ಬದಲಾಗಬಾರದು ಎಂಬುದು ನಿಯಮ. ವಿಸ್ತೀರ್ಣವನ್ನು ಹೇಳಿ ಬಾಹುವನ್ನು ಹುಡುಕು ಎಂದರೆ ಅದೇ ವರ್ಗಮೂಲದ ಸಮಸ್ಯೆ. ಬಾಹು ಎರಡಾದರೆ ಕ್ಷೇತ್ರ ನಾಲ್ಕು, ಮೂರಾದರೆ ಒಂಬತ್ತು, ಒಂದೂವರೆಯಾದರೆ ಎರಡೂ ಕಾಲು ಎಂದು ಆಪಸ್ತಂಬ ಲೆಕ್ಕ ಕೊಡುತ್ತಾನೆ. ಎರಡರಷ್ಟು ವಿಸ್ತೀರ್ಣದ ಚೌಕ ಬೇಕಾದರೆ ಮೊದಲ ಚೌಕದ ಕರ್ಣವನ್ನೇ ಬಾಹುವಾಗಿ ಹಿಡಿಯಬೇಕು. ಈ ಕರ್ಣಕ್ಕೆ ‘ದ್ವಿಕರಣಿ’, ಅಂದರೆ ಎರಡನ್ನು ಮಾಡುವಂಥದು, ಎಂಬ ಸೊಗಸಾದ ಹೆಸರಿದೆ.

ಹಗ್ಗದಿಂದ ಎಳೆಯುವುದು ಸುಲಭ. ಅದನ್ನು ಸಂಖ್ಯೆಯಲ್ಲಿ ಹೇಳುವುದು ಹೇಗೆ? ಸೂತ್ರಕಾರರು ಕೊಡುವ ಕ್ರಮ ಹೀಗಿದೆ: ಬಾಹುವಿಗೆ ಅದರ ಮೂರನೆಯ ಒಂದು ಭಾಗ ಸೇರಿಸು, ಆ ಭಾಗದ ನಾಲ್ಕನೆಯ ಒಂದು ಭಾಗವನ್ನೂ ಸೇರಿಸು, ಕೊನೆಗೆ, ಹೀಗೆ ಸೇರಿಸಿದ ನಾಲ್ಕನೆಯ ಭಾಗದಲ್ಲಿ ಮೂವತ್ತನಾಲ್ಕನೆಯ ಒಂದು ಪಾಲನ್ನು ಕಳೆ.

ಬಾಹು 12 ಅಡಿ ಎಂದು ಹಿಡಿದರೆ ಈ ಸೂತ್ರದ ಒಳಗುಟ್ಟು ತಿಳಿಯುತ್ತದೆ. ಮೂರನೆಯ ಒಂದು ಭಾಗ 4 ಅಡಿ, ಅದರ ನಾಲ್ಕನೆಯ ಒಂದು ಭಾಗ 1 ಅಡಿ. ಒಟ್ಟು 17 ಅಡಿ. ಮೇಸ್ತ್ರಿಯ ಟೇಪಿನಲ್ಲಿ ಕಂಡ ಅದೇ 17! ಅದು ಸ್ವಲ್ಪ ಹೆಚ್ಚಾಯಿತೆಂದು ಸೂತ್ರಕಾರರಿಗೆ ಗೊತ್ತಿತ್ತು. ಅದಕ್ಕಾಗಿಯೇ ಕಡೆಯ ಕಳೆಯುವಿಕೆ. ಒಂದು ಅಡಿಯ ಮೂವತ್ತನಾಲ್ಕನೆಯ ಒಂದು ಪಾಲು ಎಂದರೆ ಇಂಚಿನ ಸುಮಾರು ಮೂರನೆಯ ಒಂದು ಭಾಗ. ಮೂಲೆಯಿಂದ ಮೂಲೆಗೆ ಅಳೆದಾಗ ಕಡಿಮೆ ಬಿದ್ದದ್ದೂ ಅಷ್ಟೇ.

ಭಿನ್ನರಾಶಿಯಿಲ್ಲದೆ ಇದನ್ನು ಹೇಳಬೇಕೆಂದರೆ ಬಾಹುವನ್ನು 408 ಎಂದು ಹಿಡಿಯಬೇಕು. ಆಗ ಸೂತ್ರದಂತೆ ಕರ್ಣ 577. ಈಗ ಪರೀಕ್ಷಿಸಬಹುದು. 408ರ ವರ್ಗ 1,66,464. ಅದರ ಎರಡರಷ್ಟು 3,32,928. 577ರ ವರ್ಗ 3,32,929. ಮತ್ತೆ ಒಂದೇ ಒಂದರ ಅಂತರ! 408 ಅಡಿಯ ಚೌಕಾಕಾರದ ಬಯಲಿನಲ್ಲಿ ಮೂಲೆಯಿಂದ ಮೂಲೆಗೆ ಅಳೆದರೆ ತಪ್ಪು ಇಂಚಿನ ನೂರನೆಯ ಒಂದು ಭಾಗದಷ್ಟು ಮಾತ್ರ. ಈ ಅಳತೆಯನ್ನು ಶುಲ್ಬಸೂತ್ರಗಳು ‘ಸವಿಶೇಷ’ ಎಂದು ಕರೆದಿವೆ. ಇದು ನಿಖರವಲ್ಲ, ಇನ್ನೂ ಏನೋ ಉಳಿದಿದೆ ಎಂಬ ಅರಿವನ್ನು ಈ ಹೆಸರಿನಲ್ಲಿ ಅನೇಕ ವಿದ್ವಾಂಸರು ಕಂಡಿದ್ದಾರೆ.

ಅಂತರ ಏಕೆ ಅಳಿಯದು?

ಸಾಲದಿದ್ದರೆ ಇನ್ನೂ ದೊಡ್ಡ ಸಂಖ್ಯೆಗಳನ್ನು ತೆಗೆದುಕೊಂಡರಾಯಿತು, ಎಲ್ಲೋ ಒಂದು ಕಡೆ ಲೆಕ್ಕ ಸರಿಹೋದೀತು ಎಂದು ಯಾರಿಗಾದರೂ ಅನಿಸಬಹುದು. ಅದು ಸಾಧ್ಯವೇ ಇಲ್ಲ. ಈ ಸಂಗತಿಯನ್ನು ಮೊದಲು ಸಾಧಿಸಿ ತೋರಿಸಿದವರು ಗ್ರೀಕರು. ಅವರು ಬಳಸಿದ್ದು ಸಮ-ಬೆಸಗಳ ವಾದವನ್ನು. ಅರಿಸ್ಟಾಟಲ್ ಅದನ್ನು ಪ್ರಸ್ತಾಪಿಸಿದ್ದಾನೆ. ಆದರೆ ಶಾಲೆಯ ಹುಡುಗರಿಗೂ ಗೊತ್ತಿರುವ ಒಂದು ಸಂಗತಿಯಿಂದಲೇ ಇದನ್ನು ತೋರಿಸಬಹುದು.

ಯಾವುದೇ ವರ್ಗಸಂಖ್ಯೆಯ ಕೊನೆಯ ಅಂಕಿ 0, 1, 4, 5, 6, 9 ಇವುಗಳಲ್ಲಿ ಒಂದಾಗಿರುತ್ತದೆ. 2, 3, 7, 8ರಲ್ಲಿ ಯಾವ ವರ್ಗವೂ ಮುಗಿಯುವುದಿಲ್ಲ. ಒಂದರಿಂದ ಹತ್ತರವರೆಗಿನ ವರ್ಗಗಳನ್ನು ಬರೆದರೆ ಇದು ಸ್ಪಷ್ಟವಾಗುತ್ತದೆ. ಈಗ ಬಾಹುವಿನ ವರ್ಗವನ್ನು ಎರಡರಷ್ಟು ಮಾಡಿದರೆ ಕೊನೆಯ ಅಂಕಿ ಏನಾಗಬಹುದು? ಮೇಲಿನ ಆರು ಅಂಕಿಗಳನ್ನು ಎರಡರಿಂದ ಗುಣಿಸಿ ನೋಡಿದರೆ 0, 2, 8 ಇವು ಮಾತ್ರ ಬರುತ್ತವೆ. ಈ ಮೊತ್ತ ಕರ್ಣದ ವರ್ಗಕ್ಕೆ ಸಮವಾಗಬೇಕಾದರೆ 2 ಮತ್ತು 8 ಆಗಲಾರವು. ಉಳಿಯುವುದು 0 ಮಾತ್ರ. ಅಂದರೆ ಕರ್ಣದ ಸಂಖ್ಯೆ ಸೊನ್ನೆಯಲ್ಲಿ ಮುಗಿಯಬೇಕು, ಬಾಹುವಿನ ಸಂಖ್ಯೆ ಸೊನ್ನೆಯಲ್ಲಾಗಲಿ ಐದರಲ್ಲಾಗಲಿ ಮುಗಿಯಬೇಕು. ಹಾಗಾದರೆ ಎರಡನ್ನೂ ಐದರಿಂದ ಭಾಗಿಸಬಹುದು. ಭಾಗಿಸಿದ ಮೇಲೆ ಸಿಗುವ ಚಿಕ್ಕ ಚೌಕಕ್ಕೂ ಇದೇ ಮಾತು ಅನ್ವಯಿಸುವುದರಿಂದ ಮತ್ತೆ ಐದರಿಂದ ಭಾಗಿಸಬಹುದು, ಮತ್ತೆ, ಇನ್ನೊಮ್ಮೆ. ಇದಕ್ಕೆ ಕೊನೆಯೇ ಇರುವುದಿಲ್ಲ. ಯಾವ ಪೂರ್ಣಸಂಖ್ಯೆಯನ್ನೂ ಹೀಗೆ ಕೊನೆಯಿಲ್ಲದೆ ಐದರಿಂದ ಭಾಗಿಸುತ್ತ ಹೋಗಲು ಬರುವುದಿಲ್ಲ. ಆದ್ದರಿಂದ ಬಾಹುವೂ ಕರ್ಣವೂ ಎರಡೂ ಪೂರ್ಣಸಂಖ್ಯೆಗಳಾಗಿರುವ ಚೌಕ ಇಲ್ಲ. ಅಡಿ, ಇಂಚು, ಅಂಗುಲ, ಎಷ್ಟೇ ಚಿಕ್ಕ ಮಾನವಾದರೂ ಇದು ಬದಲಾಗದು.

ಅಂತರ ಸೊನ್ನೆಯಾಗಲಾರದು. ಆದರೆ ಒಂದಾಗಬಹುದು. ಅಂದರೆ ಈ ಸಮಸ್ಯೆಯಲ್ಲಿ ತಲುಪಬಹುದಾದ ಅತ್ಯಂತ ಸಮೀಪದ ಜಾಗ ಒಂದರ ಅಂತರವೇ. ಭಾರತದ ಗಣಿತಜ್ಞರು ಹಿಡಿದ ದಾರಿ ಇದು: ಸಿಗಲಾರದ್ದಕ್ಕೆ ಕೊರಗದೆ, ಸಿಗಬಹುದಾದ ಅತಿ ಸಮೀಪದ್ದನ್ನು ಕ್ರಮಬದ್ಧವಾಗಿ ಹುಡುಕುವುದು.

ಆರ್ಯಭಟನಿಂದ ಬ್ರಹ್ಮಗುಪ್ತನಿಗೆ

ಕ್ರಿ.ಶ. 499ರ ಆರ್ಯಭಟೀಯದಲ್ಲಿ ‘ವರ್ಗ’ದ ಅರ್ಥವನ್ನು ಒಂದೇ ಉಸಿರಿನಲ್ಲಿ ಎರಡು ಬಗೆಯಾಗಿ ಹೇಳಿದೆ: ಸಮಬಾಹುಗಳ ಚೌಕವೂ ವರ್ಗ, ಅದರ ಕ್ಷೇತ್ರಫಲವೂ ವರ್ಗ, ಎರಡು ಸಮಾನ ಸಂಖ್ಯೆಗಳ ಗುಣಲಬ್ಧವೂ ವರ್ಗ. ಆಕಾರ ಮತ್ತು ಸಂಖ್ಯೆಗಳನ್ನು ಆರ್ಯಭಟ ಬೇರ್ಪಡಿಸಲಿಲ್ಲ. ವರ್ಗವನ್ನು ಹುಟ್ಟಿಸುವ ಸಂಖ್ಯೆಗೆ ‘ಮೂಲ’ ಎಂದು ಹೆಸರು. ಅರಬ್ಬೀ ಮತ್ತು ಲ್ಯಾಟಿನ್ ಭಾಷೆಗಳ ಗಣಿತದಲ್ಲೂ ಇದಕ್ಕೆ ಬಳಸಿದ ಮಾತಿನ ಅರ್ಥ ‘ಬೇರು’ ಎಂದೇ.

ದೊಡ್ಡ ಸಂಖ್ಯೆಯ ವರ್ಗಮೂಲ ತೆಗೆಯುವ ಕ್ರಮವನ್ನೂ ಆರ್ಯಭಟ ಕೊಟ್ಟಿದ್ದಾನೆ. ಬಿಡಿ, ನೂರು, ಹತ್ತು ಸಾವಿರ ಇವು ವರ್ಗಸ್ಥಾನಗಳು. ಹತ್ತು, ಸಾವಿರ ಇವು ಅವರ್ಗಸ್ಥಾನಗಳು. ಹತ್ತರ ವರ್ಗ ನೂರು, ನೂರರ ವರ್ಗ ಹತ್ತು ಸಾವಿರ ಎಂಬುದನ್ನು ನೆನೆದರೆ ಈ ವಿಂಗಡಣೆಯ ಕಾರಣ ಹೊಳೆಯುತ್ತದೆ: ಮೂಲದಲ್ಲಿ ಒಂದು ಸ್ಥಾನ ಮೇಲೆ ಹೋದರೆ ವರ್ಗದಲ್ಲಿ ಎರಡು ಸ್ಥಾನ ಮೇಲೆ ಹೋಗುತ್ತದೆ. ಇಂದಿಗೂ ಶಾಲೆಗಳಲ್ಲಿ ಭಾಗಾಕಾರದ ಕ್ರಮದಿಂದ ವರ್ಗಮೂಲ ತೆಗೆಯುವಾಗ ಬಲಗಡೆಯಿಂದ ಎರಡೆರಡು ಅಂಕಿಗಳಿಗೆ ಗೆರೆ ಎಳೆಯುವುದು ಇದೇ ಕಾರಣಕ್ಕೆ. ಏಕೆ ಎಂದು ಕೇಳದೆ ಗೆರೆ ಎಳೆದ ಮಕ್ಕಳೇ ಹೆಚ್ಚು.

ಒಂದರ ಅಂತರಕ್ಕೆ ಶಾಸ್ತ್ರದ ಪಟ್ಟ ಕೊಟ್ಟವನು ಬ್ರಹ್ಮಗುಪ್ತ. ಇಂದಿನ ರಾಜಸ್ಥಾನದ ಭಿನ್‌ಮಾಲ್‌ನವನೆಂದು ಹೇಳಲಾಗುವ ಈತನ ಬ್ರಾಹ್ಮಸ್ಫುಟಸಿದ್ಧಾಂತ ರಚನೆಯಾದದ್ದು 628ರಲ್ಲಿ. ಈತ ಕೇಳಿದ ಪ್ರಶ್ನೆ ಇದು: ಒಂದು ಸಂಖ್ಯೆಯ ವರ್ಗವನ್ನು ಗೊತ್ತಾದ ಗುಣಕದಿಂದ ಗುಣಿಸಿ ಒಂದನ್ನು ಕೂಡಿದರೆ ಮತ್ತೆ ಪೂರ್ಣವರ್ಗವೇ ಬರಬೇಕು, ಅಂಥ ಸಂಖ್ಯೆಗಳು ಯಾವುವು? ಇದಕ್ಕೆ ‘ವರ್ಗಪ್ರಕೃತಿ’ ಎಂದು ಹೆಸರು. ಗುಣಕ ಎರಡಾದಾಗ ಕೋಣೆಯ ಲೆಕ್ಕವೇ ಇದು: 12ರ ವರ್ಗದ ಎರಡರಷ್ಟಕ್ಕೆ ಒಂದು ಕೂಡಿದರೆ 17ರ ವರ್ಗ.

ಬ್ರಹ್ಮಗುಪ್ತನ ದೊಡ್ಡ ಸಾಧನೆಯೆಂದರೆ ಒಂದು ಉತ್ತರದಿಂದ ಇನ್ನೊಂದನ್ನು ಹುಟ್ಟಿಸುವ ‘ಭಾವನಾ’ ಎಂಬ ಕ್ರಮ. ಗುಣಕ ಎರಡಾದಾಗ ಅತಿ ಚಿಕ್ಕ ಉತ್ತರ 2 ಮತ್ತು 3. ಎರಡರ ವರ್ಗದ ಎರಡರಷ್ಟು 8, ಒಂದು ಕೂಡಿದರೆ 9. ಈ ಜೋಡಿಯನ್ನು ಅದರೊಡನೆಯೇ ಕೂಡಿಸುವುದು ಹೀಗೆ: ಎರಡೂ ಸಂಖ್ಯೆಗಳನ್ನು ಗುಣಿಸಿ ಇಮ್ಮಡಿಸಿದರೆ 12; ದೊಡ್ಡದರ ವರ್ಗಕ್ಕೆ ಚಿಕ್ಕದರ ವರ್ಗದ ಎರಡರಷ್ಟನ್ನು ಸೇರಿಸಿದರೆ 9 ಮತ್ತು 8, ಒಟ್ಟು 17. ಕೋಣೆಯ ಜೋಡಿ ಹುಟ್ಟಿತು. ಅದೇ ಕ್ರಮವನ್ನು 12 ಮತ್ತು 17ರ ಮೇಲೆ ನಡೆಸಿದರೆ 12, 17ರ ಗುಣಲಬ್ಧ 204, ಇಮ್ಮಡಿಸಿದರೆ 408. 289 ಮತ್ತು 288 ಸೇರಿದರೆ 577. ವೇದಿ ಕಟ್ಟಿದವರ 408 ಮತ್ತು 577 ಎರಡೇ ಹೆಜ್ಜೆಯಲ್ಲಿ ಸಿಕ್ಕವು! ಹೀಗೆ ಮುಂದುವರಿದರೆ ಉತ್ತರಗಳಿಗೆ ಕೊನೆಯಿಲ್ಲ.

ಗುಣಕ 92 ಆದರೆ? ಒಂದು ವರ್ಷದೊಳಗೆ ಇದನ್ನು ಬಿಡಿಸಿದವನೇ ಗಣಕ ಎಂದು ಬ್ರಹ್ಮಗುಪ್ತ ಸವಾಲು ಹಾಕಿದ್ದಾನೆ. ಉತ್ತರ 120 ಮತ್ತು 1151. ಒಂದು ಕಾಗದ, ಪೆನ್ನು ಹಿಡಿದು ಯಾರು ಬೇಕಾದರೂ ತಾಳೆ ನೋಡಬಹುದು.

ಮಳಖೇಡದ ಒಂಟೆಗಳು

ವರ್ಗಸಂಖ್ಯೆಗಳ ಕಥೆ ಕನ್ನಡ ನೆಲಕ್ಕೂ ಬಂದಿದೆ. ಕವಿರಾಜಮಾರ್ಗದ ಕಾಲದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಹೊಗಳಿ ಮಹಾವೀರಾಚಾರ್ಯ ಎಂಬ ಜೈನ ವಿದ್ವಾಂಸ ಸುಮಾರು 850ರಲ್ಲಿ ಗಣಿತಸಾರಸಂಗ್ರಹವನ್ನು ಬರೆದ. ನೃಪತುಂಗನ ರಾಜಧಾನಿ ಮಾನ್ಯಖೇಟ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಖಗೋಳದ ಹಂಗಿಲ್ಲದೆ ಗಣಿತಕ್ಕಾಗಿಯೇ ಬರೆದ ಈ ಸಂಸ್ಕೃತ ಗ್ರಂಥ ದಕ್ಷಿಣ ಭಾರತದಲ್ಲಿ ಬಹುಕಾಲ ಪಠ್ಯವಾಗಿ ಬಳಕೆಯಲ್ಲಿತ್ತು. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು.

ವರ್ಗ ಮಾಡಲು ಮಹಾವೀರ ಹಲವು ದಾರಿಗಳನ್ನು ತೋರಿಸುತ್ತಾನೆ. ಒಂದು, ಸಂಖ್ಯೆಯನ್ನು ಅದರಿಂದಲೇ ಗುಣಿಸುವುದು. ಇನ್ನೊಂದು, ಅನುಕೂಲವಾದಷ್ಟನ್ನು ಒಮ್ಮೆ ಕಳೆದು, ಒಮ್ಮೆ ಕೂಡಿ, ಬಂದ ಎರಡನ್ನೂ ಗುಣಿಸಿ, ಕಳೆದದ್ದರ ವರ್ಗವನ್ನು ಸೇರಿಸುವುದು. 23ರ ವರ್ಗ ಬೇಕಾದರೆ ಮೂರು ಕಳೆದರೆ 20, ಮೂರು ಕೂಡಿದರೆ 26, ಇಪ್ಪತ್ತಿಪ್ಪತ್ತಾರು 520, ಮೂರರ ವರ್ಗ 9 ಸೇರಿದರೆ 529. ಬಾಯಿಲೆಕ್ಕಕ್ಕೆ ಇಂದಿಗೂ ಇದಕ್ಕಿಂತ ಸುಲಭದ ದಾರಿ ಸಿಗುವುದು ಕಷ್ಟ. ಮತ್ತೊಂದು, ಒಂದರಿಂದ ಆರಂಭಿಸಿ ಎರಡೆರಡು ಹೆಚ್ಚಿಸುತ್ತ ಅಷ್ಟು ಪದಗಳನ್ನು ಕೂಡುವುದು. ಚೌಕಾಬಾರದ ಹಾಸನ್ನು ಹಿಗ್ಗಿಸುವ ಬೆಸಸಂಖ್ಯೆಗಳ ಲೆಕ್ಕವೇ ಇದು.

ಈತನ ಲೆಕ್ಕಗಳು ಕಥೆಗಳಂತಿವೆ. ಒಂಟೆಗಳ ಹಿಂಡೊಂದರ ನಾಲ್ಕನೆಯ ಒಂದು ಭಾಗ ಕಾಡಿನಲ್ಲಿ ಕಾಣಿಸಿತು. ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ತಪ್ಪಲಿಗೆ ಹೋದವು. ಹದಿನೈದು ಒಂಟೆಗಳು ನದಿಯ ದಡದಲ್ಲಿ ಉಳಿದವು. ಹಿಂಡಿನಲ್ಲಿದ್ದವು ಎಷ್ಟು? ಒಂಟೆಗಳನ್ನು ತುಂಡು ಮಾಡಲಾಗದಾದ್ದರಿಂದ ಉತ್ತರ ನಾಲ್ಕರಿಂದ ಭಾಗವಾಗುವ ಪೂರ್ಣವರ್ಗವೇ ಆಗಬೇಕು. 4, 16 ಚಿಕ್ಕವಾದವು. 36 ಸರಿಹೊಂದುತ್ತದೆ: ಕಾಡಿನಲ್ಲಿ 9, ತಪ್ಪಲಿನಲ್ಲಿ 12, ದಡದಲ್ಲಿ 15.

ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಸ್ಪಷ್ಟವಾಗಿ ಹೇಳಿದವನೂ ಮಹಾವೀರನೇ. ಧನವನ್ನು ವರ್ಗ ಮಾಡಿದರೂ ಧನ, ಋಣವನ್ನು ವರ್ಗ ಮಾಡಿದರೂ ಧನ. ಆದ್ದರಿಂದ ಋಣಸಂಖ್ಯೆ ಸ್ವಭಾವದಿಂದಲೇ ವರ್ಗವಲ್ಲ ಎಂಬುದು ಅವನ ತರ್ಕ. ಇಂಥ ಮೂಲಗಳಿಗೂ ಅರ್ಥ ಕೊಡುವ ಊಹಾಸಂಖ್ಯೆಗಳ ಕಲ್ಪನೆ ಯುರೋಪಿನಲ್ಲಿ ಚಿಗುರಿದ್ದು 16ನೆಯ ಶತಮಾನದಲ್ಲಿ. ಮಹಾವೀರನ ಅನಂತರ, 12ನೆಯ ಶತಮಾನದಲ್ಲಿ, ರಾಜಾದಿತ್ಯ ಎಂಬ ಜೈನ ಕವಿ ವ್ಯವಹಾರಗಣಿತ, ಕ್ಷೇತ್ರಗಣಿತ ಮೊದಲಾದ ಗ್ರಂಥಗಳನ್ನು ಕನ್ನಡದಲ್ಲಿಯೇ ಬರೆದು ಈ ವಿದ್ಯೆಯನ್ನು ನಾಡಭಾಷೆಗೆ ತಂದ.

ಅರವತ್ತೊಂದರ ಸವಾಲು

ಬ್ರಹ್ಮಗುಪ್ತ ಬಿಟ್ಟುಹೋದ ಪ್ರಶ್ನೆಗೆ ಎಲ್ಲ ಗುಣಕಗಳಿಗೂ ಒಗ್ಗುವ ವಿಧಾನ ಸಿಕ್ಕಿದ್ದು ‘ಚಕ್ರವಾಳ’ದಿಂದ. ಜಯದೇವ ಎಂಬ ಗಣಿತಜ್ಞನ ವಿಧಾನವನ್ನು 1073ರಲ್ಲಿ ಉದಯದಿವಾಕರ ಎಂಬ ವ್ಯಾಖ್ಯಾನಕಾರ ಉಲ್ಲೇಖಿಸಿದ್ದಾನೆ. ಅದನ್ನು ಪ್ರಸಿದ್ಧಿಗೆ ತಂದವನು 1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯ. ಈತ ತನ್ನ ಊರನ್ನು ವಿಜ್ಜಡವಿಡ ಎಂದು ಕರೆದಿದ್ದಾನೆ. ಅದು ನಮ್ಮ ವಿಜಯಪುರ ಎಂದು ಕೆಲವರು, ಮಹಾರಾಷ್ಟ್ರದ ಸಹ್ಯಾದ್ರಿಯ ಬುಡದ ಊರು ಎಂದು ಕೆಲವರು ವಾದಿಸುತ್ತಾರೆ.

ಭಾಸ್ಕರನ ಬೀಜಗಣಿತದ ಒಂದು ಉದಾಹರಣೆಯಲ್ಲಿ ಗುಣಕ 61. ಒಂದರ ವರ್ಗವನ್ನು 61ರಿಂದ ಗುಣಿಸಿದರೆ 61; ಹತ್ತಿರದ ವರ್ಗ 64; ಅಂತರ ಮೂರು. ಇಲ್ಲಿಂದ ಹೊರಟು, ಪ್ರತಿ ಸುತ್ತಿನಲ್ಲೂ ಸಿಕ್ಕಿದ ಜೋಡಿಯನ್ನು ಬೇರೊಂದರೊಡನೆ ಭಾವನಾಕ್ರಮದಿಂದ ಬೆಸೆದು, ಅಂತರವನ್ನು ಪಳಗಿಸುತ್ತ, ಅದು ಒಂದಾಗುವವರೆಗೆ ಚಕ್ರದಂತೆ ಸುತ್ತುವುದು ಚಕ್ರವಾಳದ ರೀತಿ. ಕೊನೆಗೆ ಸಿಗುವ ಅತಿ ಚಿಕ್ಕ ಉತ್ತರ 22 ಕೋಟಿ 61 ಲಕ್ಷ 53 ಸಾವಿರದ 980. ಅದರ ಜೊತೆಯದು 176 ಕೋಟಿ 63 ಲಕ್ಷ 19 ಸಾವಿರದ 49. ಇದಕ್ಕಿಂತ ಚಿಕ್ಕದಾದ ಉತ್ತರವೇ ಇಲ್ಲ. ಒಂದೊಂದಾಗಿ ಪರೀಕ್ಷಿಸುತ್ತ ಹೋದವನು ಆಯುಷ್ಯ ಮುಗಿದರೂ ಇಲ್ಲಿಗೆ ತಲುಪಲಾರ.

ಐನೂರು ವರ್ಷಗಳ ಅನಂತರ, 1657ರಲ್ಲಿ, ಫ್ರಾನ್ಸಿನ ಫರ್ಮಾ ಇದೇ ಪ್ರಶ್ನೆಯನ್ನು ಯುರೋಪಿನ ಗಣಿತಜ್ಞರ ಮುಂದಿಟ್ಟ. ಅವನು ಕೊಟ್ಟ ಉದಾಹರಣೆಗಳಲ್ಲಿ 61 ಕೂಡ ಒಂದು! ಭಾಸ್ಕರನ ಹೆಸರನ್ನು ಅವನು ಕೇಳಿರುವ ಸಂಭವವಿಲ್ಲ. 61ರಂಥ ಚಿಕ್ಕ ಸಂಖ್ಯೆ ಎಷ್ಟು ದೊಡ್ಡ ಉತ್ತರವನ್ನು ಅಡಗಿಸಿಟ್ಟುಕೊಂಡಿದೆ ಎಂಬುದು ಇಬ್ಬರಿಗೂ ಬೇರೆ ಬೇರೆಯಾಗಿ ಹೊಳೆದಿತ್ತು. ಇಂಗ್ಲೆಂಡಿನ ಬ್ರೌಂಕರ್ ಮತ್ತು ವಾಲಿಸ್ ಉತ್ತರ ಕಂಡುಕೊಂಡರು. ಆದರೆ ಆಯ್ಲರ್ ತಪ್ಪು ತಿಳಿವಳಿಕೆಯಿಂದ ಇದನ್ನು ಜಾನ್ ಪೆಲ್ ಎಂಬವನ ಹೆಸರಿಗೆ ಹಚ್ಚಿದ. ಕೋಲ್‌ಬ್ರೂಕ್ 1817ರಲ್ಲಿ ಬ್ರಹ್ಮಗುಪ್ತ, ಭಾಸ್ಕರರ ಗಣಿತವನ್ನು ಇಂಗ್ಲಿಷಿಗೆ ತಂದ ಮೇಲೆ ಪಶ್ಚಿಮದವರಿಗೆ ಹಳೆಯ ಸಂಗತಿ ತಿಳಿಯಿತಾದರೂ ಜಗತ್ತಿನ ಪಠ್ಯಪುಸ್ತಕಗಳಲ್ಲಿ ಇಂದಿಗೂ ಅದು ‘ಪೆಲ್‌ನ ಸಮೀಕರಣ’ವೇ. ಕೆಲಸ ಮಾಡಿದವರು ಒಬ್ಬರು, ಹೆಸರು ಪಡೆದವರು ಇನ್ನೊಬ್ಬರು.

ಕೇಂಬ್ರಿಜ್ಜಿನ ಅಡುಗೆಮನೆ

1914ರ ಕೊನೆಯಲ್ಲಿ ರಾಮಾನುಜನ್ ಕೇಂಬ್ರಿಜ್ಜಿನಲ್ಲಿದ್ದರು. ಒಂದು ದಿನ ಅವರು ಒಲೆಯ ಮೇಲೆ ಅಡುಗೆ ಕೈಯಾಡಿಸುತ್ತಿದ್ದಾಗ ಗೆಳೆಯ ಪಿ.ಸಿ. ಮಹಲನೋಬಿಸ್ ‘ಸ್ಟ್ರಾಂಡ್’ ಪತ್ರಿಕೆಯಲ್ಲಿ ಬಂದಿದ್ದ ಒಂದು ಒಗಟನ್ನು ಓದಿ ಹೇಳಿದರು. ಬೀದಿಯ ಒಂದೇ ಬದಿಯಲ್ಲಿ 1, 2, 3 ಎಂದು ಸಾಲಾಗಿ ಸಂಖ್ಯೆ ಬರೆದ ಮನೆಗಳು. ಒಂದು ಮನೆಯ ಎಡಗಡೆಯ ಮನೆಗಳ ಸಂಖ್ಯೆಗಳೆಲ್ಲ ಕೂಡಿದರೆ ಬರುವ ಮೊತ್ತವೂ ಬಲಗಡೆಯ ಮೊತ್ತವೂ ಸಮ. ಮನೆಗಳು ಐವತ್ತಕ್ಕಿಂತ ಹೆಚ್ಚು, ಐನೂರಕ್ಕಿಂತ ಕಡಿಮೆ. ಆ ಮನೆಯ ಸಂಖ್ಯೆ ಎಷ್ಟು?

ರಾಮಾನುಜನ್ ಕೈಯಾಡಿಸುತ್ತಲೇ ಉತ್ತರ ಹೇಳಿದರು. ಈ ಒಂದು ಬೀದಿಗೆ ಮಾತ್ರವಲ್ಲ, ಇಂಥ ಎಲ್ಲ ಬೀದಿಗಳಿಗೂ ಒಟ್ಟಿಗೇ ಅನ್ವಯಿಸುವ ಉತ್ತರವನ್ನು ಬರೆಯಿಸಿದರು. ಇದನ್ನು ಮಹಲನೋಬಿಸ್ ಅವರೇ ನೆನಪಿಸಿಕೊಂಡಿದ್ದಾರೆ.

ಆ ಬೀದಿಯಲ್ಲಿ 288 ಮನೆಗಳು. ಮನೆಯ ಸಂಖ್ಯೆ 204. ಈ ಒಗಟಿನ ಒಳಗೆ ಅಡಗಿರುವುದೂ ವರ್ಗಸಂಖ್ಯೆಯೇ. ಎರಡು ಬದಿಯ ಮೊತ್ತಗಳು ಸಮವಾಗಬೇಕಾದರೆ ಬೀದಿಯ ಎಲ್ಲ ಸಂಖ್ಯೆಗಳ ಮೊತ್ತ ಆ ಮನೆಯ ಸಂಖ್ಯೆಯ ವರ್ಗವೇ ಆಗಿರಬೇಕು. ಒಂದರಿಂದ 288ರವರೆಗಿನ ಮೊತ್ತ ಎಂದರೆ 288ನ್ನು 289ರಿಂದ ಗುಣಿಸಿ ಅರ್ಧ ಮಾಡಿದ್ದು. ಅಂದರೆ 144ನ್ನು 289ರಿಂದ ಗುಣಿಸಿದ್ದು. 144 ಎಂದರೆ 12ರ ವರ್ಗ, 289 ಎಂದರೆ 17ರ ವರ್ಗ. ಹನ್ನೆರಡು ಹದಿನೇಳಲ 204. ಅಲ್ಲಿಗೆ ಮೊತ್ತ 204ರ ವರ್ಗವಾಯಿತು.

204ರ ಎರಡರಷ್ಟು 408. 288ರ ಎರಡರಷ್ಟಕ್ಕೆ ಒಂದು ಸೇರಿಸಿದರೆ 577. ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಹಗ್ಗ ಹಿಡಿದು ವೇದಿ ಅಳೆದವರ ಜೋಡಿ ಸಂಖ್ಯೆ ಬೆಲ್ಜಿಯಮ್ಮಿನ ಊರೊಂದರ ಬೀದಿಯ ಒಗಟಾಗಿ ಇಂಗ್ಲೆಂಡಿನ ಪತ್ರಿಕೆಯಲ್ಲಿ ಕಾಣಿಸಿಕೊಂಡು, ಭಾರತೀಯನೊಬ್ಬನ ಒಲೆಯ ಮುಂದೆ ಬಿಡಿಸಿಕೊಂಡಿತ್ತು. ಇದರಲ್ಲಿ ಪವಾಡವೇನೂ ಇಲ್ಲ. ಎರಡರಷ್ಟು ವರ್ಗಕ್ಕೆ ಒಂದರ ಅಂತರದಲ್ಲಿ ನಿಲ್ಲುವ ವರ್ಗಗಳು ತೀರ ವಿರಳ. ಆ ಹಾದಿಯಲ್ಲಿ ನಡೆದವರೆಲ್ಲ, ಯಾವ ದೇಶ ಯಾವ ಕಾಲದವರಾದರೂ, ಅದೇ ಮೈಲಿಗಲ್ಲುಗಳನ್ನು ಮುಟ್ಟಲೇಬೇಕು.

ಶಾಲೆಯ ಪಾಠದಲ್ಲಿ ಮಾತ್ರ 288ರ ಎದುರು ‘ಪೂರ್ಣವರ್ಗವಲ್ಲ’ ಎಂದು ಬರೆದು ಮುಂದಿನ ಲೆಕ್ಕಕ್ಕೆ ಹೋಗುವುದು ರೂಢಿ. ಉತ್ತರವೇನೋ ಸರಿ. ಆದರೆ ಎಷ್ಟರಿಂದ ತಪ್ಪಿತು ಎಂಬ ಇನ್ನೊಂದು ಪ್ರಶ್ನೆಯನ್ನೂ ಮಕ್ಕಳ ಮುಂದಿಟ್ಟರೆ ಒಂದು ದೊಡ್ಡ ಬಾಗಿಲೇ ತೆರೆಯುತ್ತದೆ. ಅದಕ್ಕೆ ಬೇಕಾದ ಸಾಮಗ್ರಿ ಒಂದು ಹಿಡಿ ಹುಣಸೆ ಬೀಜ, ಇಲ್ಲವೇ ಕೋಣೆಯ ಮೂಲೆಯಿಂದ ಮೂಲೆಗೆ ಹಿಡಿಯುವ ಒಂದು ಟೇಪು.